ಬಾರ್ಲಿ ನೀರಿನ ಹದಿನೈದು ದಿನ

ಬೇರೆಯವರಿಗೆ ಕಾಯಿಲೆ ಬಂದರೆ ಜನ ಹಣ್ಣು ಹಿಡಿದುಕೊಂಡು ನೋಡಲು ಬರುತ್ತಾರೆ. ನನಗೆ ಬಂದರೆ, ಈ ಸಲ ಏನು ಹೂಡಿದ್ದಾನೆ ಅಂತ ನೋಡಲು ಬರುತ್ತಾರೆ. ತಪ್ಪು ಅವರದ್ದಲ್ಲ. ಬಿಟ್ಟಂಗಾಲದ ಹತ್ತಿರದ ಒಂದು ಕಾಫಿ ತೋಟದಲ್ಲಿ ನಾನು ಹದಿನಾರು ವರ್ಷದಿಂದ ರೈಟರು. ಆಳುಗಳ ಹಾಜರಿ ಬರೆಯುವುದು ಸಂಬಳದ ಕೆಲಸ. ಊರವರನ್ನು ಬೇಸ್ತು ಬೀಳಿಸುವುದು ಸಂಬಳವಿಲ್ಲದೆ ಮಾಡುವ ಕೆಲಸ. ಎರಡನೆಯದರಲ್ಲೇ ನನಗೆ ಹೆಚ್ಚು ಹೆಸರು. ಹಾಗಾಗಿ ಕಳೆದ ವರ್ಷ ಮಳೆ ಇಳಿಯುವ ಹೊತ್ತಿಗೆ ನನಗೆ ನಿಜವಾಗಿಯೂ ಜೀವ ಹೋಗುವಷ್ಟು ಹೆದರಿಕೆಯಾದಾಗ, ನಂಬುವವರು ಒಬ್ಬರೂ ಸಿಗಲಿಲ್ಲ. ಕೆಳಗೆ ಬರೆದದ್ದೆಲ್ಲ ನಡೆದದ್ದೇ. ಅಲ್ಲಲ್ಲಿ ಹುಳಿ ಖಾರ ಹೆಚ್ಚಾಗಿದ್ದರೆ ಕ್ಷಮಿಸಬೇಕು. ಹದಿನೈದು ದಿನ ಅವೆರಡನ್ನೂ ಮುಟ್ಟದೆ ಇದ್ದವನು ನಾನು.

೧. ಕೊಡೆಯ ಅಳತೆ

ಒಂದಕ್ಕೆ ಹೋದರೆ ಮೆಣಸಿನಪುಡಿ ಎರಚಿದ ಹಾಗೆ ಉರಿ. ಹೋಗಿ ಬಂದು ಕೂತರೆ ಮತ್ತೆ ಹೋಗಬೇಕು. ಹೋದರೆ ಮೂರು ಹನಿ. ನಾಲ್ಕು ದಿನ ಹೇಗೋ ತಡೆದುಕೊಂಡೆ. ಐದನೆಯ ದಿನ ಆ ಮೂರು ಹನಿಯೂ ಕೆಂಪಗೆ ಕಂಡಿತು. ಓಡಿದೆ ವಿರಾಜಪೇಟೆಗೆ.

ಡಾಕ್ಟರು ಹೊಟ್ಟೆಯ ಕೆಳಗೆ ಒತ್ತಿ ನೋಡಿದರು. ನಾನು ಕೂಗಿದೆ. ಅವರು ತಲೆ ಆಡಿಸಿ, "ಮೂತ್ರಕೋಶ ಊದಿಕೊಂಡಿದೆ. ಒಳಗೆ ಕೆಂಪಾಗಿರಬೇಕು" ಅಂದರು.

"ಒಳಗೆ ಕೆಂಪಾಗಿದೆ ಅಂತ ಹೊರಗಿನಿಂದ ಹೇಗೆ ಗೊತ್ತಾಗ್ತದೆ ಸಾರ್?"

"ಗೊತ್ತಾಗುವುದಿಲ್ಲ. ಅದಕ್ಕೆ ತಲಚೇರಿಯಲ್ಲಿ ದೊಡ್ಡ ಡಾಕ್ಟರಿದ್ದಾರೆ. ತುದಿಗೆ ದೀಪ ಇರುವ ಕೊಳವೆ ತೂರಿಸಿ ನೋಡ್ತಾರೆ."

"ಎಲ್ಲಿಂದ ತೂರಿಸ್ತಾರೆ?"

ಡಾಕ್ಟರು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು. "ಬೇರೆ ದಾರಿ ಎಲ್ಲುಂಟು ಮಾರಾಯ್ರೇ?"

ಅವರು ನನ್ನ ಮುಖ ನೋಡಿ ಕನಿಕರಪಟ್ಟು, ಒಂದು ಚೀಟಿ ಬರೆದರು. ಕಾಫಿ ಇಲ್ಲ, ಚಾ ಇಲ್ಲ. ಮೆಣಸು, ಹುಣಸೆ, ನಮ್ಮ ಕಪ್ಪು ಹುಳಿ ಕಾಚಂಪುಳಿ, ಉಪ್ಪಿನಕಾಯಿ, ಕಿತ್ತಳೆ, ನಿಂಬೆ ಯಾವುದೂ ಇಲ್ಲ. ಬ್ರಾಂದಿ ವಾಸನೆಯೂ ಇಲ್ಲ. ಗಂಜಿ, ಬೂದುಗುಂಬಳ, ಸೌತೆ, ಬಾಳೆದಿಂಡು, ಸಪ್ಪೆ ಮಜ್ಜಿಗೆ, ಗಂಟೆಗೊಂದು ಲೋಟ ಬಾರ್ಲಿ ನೀರು. ಬಂದರೆ ತಡೆಯಬಾರದು, ಆ ಕೂಡಲೇ ಹೋಗಬೇಕು. ಹದಿನೈದು ದಿನ ಕಳೆದ ಮೇಲೆ ಬೆಳಗಿನ ಮೊದಲ ನೀರನ್ನು ಬಾಟ್ಲಿಯಲ್ಲಿ ಹಿಡಿದು ತಲಚೇರಿಗೆ ಕೊಂಡುಹೋಗಬೇಕು. ಅದು ಚೊಕ್ಕವಾಗಿದ್ದರೆ ಸರಿ. ಇಲ್ಲದಿದ್ದರೆ ಕೊಳವೆ.

ಹೊರಗೆ ಮದ್ದು ಕಟ್ಟುತ್ತಿದ್ದ ಕಂಪೌಂಡರನ ಹತ್ತಿರ ಮೆಲ್ಲಗೆ ಕೇಳಿದೆ: "ಆ ಕೊಳವೆ ಎಷ್ಟು ದಪ್ಪ ಉಂಟಪ್ಪ?"

ಹಿಂದಿನ ವರ್ಷ ಅವನ ಸೈಕಲ್ಲನ್ನು ಸಂತೆ ಕಟ್ಟಡದ ಮಾಡಿನ ಮೇಲೆ ಏರಿಸಿಟ್ಟವನು ನಾನೇ ಎಂಬುದು ಅವನಿಗೆ ಗೊತ್ತಿತ್ತು. ಅವನು ಮೊದಲು ಕಿರುಬೆರಳು ತೋರಿಸಿದ. ನನ್ನ ಮುಖ ನೋಡಿ, ಅಲ್ಲ ಅಂತ ಅದನ್ನು ಮಡಿಸಿ ಹೆಬ್ಬೆರಳು ತೋರಿಸಿದ.

"ಉದ್ದ?"

ಅವನು ಸುತ್ತ ನೋಡಿ, ಮೂಲೆಯಲ್ಲಿ ಒರಗಿಸಿಟ್ಟಿದ್ದ ಡಾಕ್ಟರ ಕೊಡೆಯನ್ನು ತೋರಿಸಿದ.

ಮಡಿಸಿದ್ದೋ ಬಿಡಿಸಿದ್ದೋ ಅಂತ ಕೇಳುವ ಧೈರ್ಯ ನನಗೆ ಬರಲಿಲ್ಲ.

೨. ಕುಡಿಯದ ಲೋಟ

ಮನೆಯಲ್ಲಿ ಹೇಳಿದೆ. ಹೆಂಡತಿ ಕೊಡ್ಲಿಪೇಟೆ ಕಡೆಯವಳು, ಮಾತು ನೇರ. "ಏನ್ರೀ, ಇದು ಹೊಸ ನಾಟಕನಾ?" ಅಂದಳು. ಚೀಟಿ ತೋರಿಸಿದೆ. ಅದನ್ನೂ ನಾನೇ ಬರೆದದ್ದು ಅಂದಳು. ಕಡೆಗೆ ನಾನು ಹಿತ್ತಲಿಗೆ ಓಡುವ ವೇಗ ನೋಡಿ ನಂಬಿದಳು. ನಂಬಿದ ಮೇಲೆ ಬಿಡಲಿಲ್ಲ. ಹಿತ್ತಲ ಬೂದುಗುಂಬಳ ಒಂದೊಂದಾಗಿ ಒಳಗೆ ಬಂದವು.

ತೋಟದಲ್ಲಿ ಮಾತ್ರ ಯಾರಿಗೂ ಹೇಳುವ ಹಾಗಿರಲಿಲ್ಲ. ಉರಿಮೂತ್ರ ಅಂದರೆ ನಮ್ಮ ಕಡೆ ಮೊದಲು ಕೇಳುವ ಪ್ರಶ್ನೆ, "ಎಲ್ಲಿಗೆ ಹೋಗಿದ್ದೆ?" ಅಂತ. ನಾನು ಎಲ್ಲಿಗೂ ಹೋದವನಲ್ಲ. ಆದರೆ ನನ್ನ ಮಾತನ್ನು ಯಾರು ನಂಬುತ್ತಾರೆ?

ನಮ್ಮ ತೋಟದಲ್ಲಿ ಒಂದು ಪದ್ಧತಿ ಇದೆ. ಬೆಳಗ್ಗೆ ಹಾಜರಿ ಕರೆಯುವಾಗ ದೊಡ್ಡ ಹಂಡೆಯಲ್ಲಿ ಬೆಲ್ಲದ ಕಾಫಿ ಬರುತ್ತದೆ. ಮೊದಲ ಲೋಟ ರೈಟರಿಗೆ. ಅವನು ಕುಡಿದ ಮೇಲೆ ಮೇಸ್ತ್ರಿ, ಆಮೇಲೆ ಆಳುಗಳು. ಅವತ್ತು ನಾನು ಲೋಟ ತೆಗೆದುಕೊಂಡು, ಕುಡಿದ ಹಾಗೆ ಮಾಡಿ, ಗಿಡದ ಬುಡಕ್ಕೆ ಚೆಲ್ಲಿದೆ. ಮೇಸ್ತ್ರಿ ನೋಡಿದ. ಎರಡನೆಯ ದಿನವೂ ನೋಡಿದ. ಅದರ ಹಿಂದಿನ ವಾರವಷ್ಟೇ ನಾವು ಗಿಡಗಳಿಗೆಲ್ಲ ಮೈಲುತುತ್ತದ ಮದ್ದು ಹೊಡೆಸಿದ್ದೆವು. ಹಂಡೆಗೆ ನೀರು ಬರುವುದು ತೋಟದ ತೋಡಿನಿಂದ.

ಮೂರನೆಯ ಬೆಳಗ್ಗೆ ನಲವತ್ತು ಆಳುಗಳು ಲೋಟ ಮುಂದೆ ಇಟ್ಟುಕೊಂಡು ಸುಮ್ಮನೆ ನಿಂತಿದ್ದರು. (ಹದಿನೆಂಟೇ ಜನ ಅಂತ ನನ್ನ ಹೆಂಡತಿ ಹೇಳುತ್ತಾಳೆ. ಹೆದರಿದವನ ಲೆಕ್ಕ ಬೇರೆ.) ಮೇಸ್ತ್ರಿ ಮುಂದೆ ಬಂದ.

"ರೈಟರಯ್ಯಾ, ನೀರಲ್ಲಿ ವಿಷ ಇದ್ದರೆ ನಮಗೂ ಹೇಳಿ. ನಿಮಗೆ ಮಾತ್ರ ಗೊತ್ತಿದ್ದರೆ ಹೇಗೆ?"

"ವಿಷ ಏನೂ ಇಲ್ಲಪ್ಪ."

"ಹಾಗಾದರೆ ಚೆಲ್ಲುವುದು ಯಾಕೆ?"

ಅಷ್ಟರಲ್ಲಿ ತೋಟದ ಸಾಹುಕಾರರು ಬಂದರು. ಆರಡಿ ಎತ್ತರ, ಎರಡು ಮಾತು. ಕೇಳಿದರು, ಅರ್ಥವಾಯಿತು. ತಾವೇ ಹಂಡೆಯಿಂದ ಒಂದು ಲೋಟ ತುಂಬಿಸಿ ನನ್ನ ಕೈಗೆ ಕೊಟ್ಟು, "ಎಲ್ಲರ ಎದುರು ಕುಡೀರಿ" ಅಂದರು.

ಕೆಲಸ ಒಂದು ಕಡೆ, ಕೊಡೆ ಇನ್ನೊಂದು ಕಡೆ. ಕಣ್ಣು ಮುಚ್ಚಿ ಕುಡಿದೆ. ಜನ ನಿಟ್ಟುಸಿರು ಬಿಟ್ಟು ಕುಡಿಯತೊಡಗಿದರು. ಅಲ್ಲಿಂದ ಮಧ್ಯಾಹ್ನದೊಳಗೆ ನಾನು ಹನ್ನೊಂದು ಸಲ ಕಾಫಿ ಗಿಡಗಳ ಸಾಲಿನೊಳಗೆ ಓಡಿ, ಹಲ್ಲು ಕಚ್ಚಿಕೊಂಡು, ಕಣ್ಣಲ್ಲಿ ನೀರು ತುಂಬಿಕೊಂಡು ವಾಪಸು ಬಂದೆ.

ಸಂಜೆ ಸಾಹುಕಾರರು ಮೇಸ್ತ್ರಿಯ ಹತ್ತಿರ ಹೇಳಿದರಂತೆ: "ಒಂದು ಗದರಿಸಿದರೆ ಸಾಕು ನೋಡು. ಹದಿನಾರು ವರ್ಷದಲ್ಲಿ ರೈಟರು ಒಂದು ಸಾಲೂ ಬಿಡದೆ ತೋಟ ಸುತ್ತಿದ್ದು ಇವತ್ತೇ."

೩. ಹರಕೆ ಊಟ

ಪಥ್ಯದ ಎಂಟನೆಯ ದಿನಕ್ಕೆ ಸರಿಯಾಗಿ ಕೈಲ್ ಮುಹೂರ್ತ ಬಂತು. ಕೊಡವರು ಕೋವಿಗೆ ಹೂ ಮುಡಿಸಿ ಪೂಜೆ ಮಾಡುವ ಹಬ್ಬ. ಸಾಹುಕಾರರ ಮನೆಯಲ್ಲಿ ಊಟ. ಅಕ್ಕಿತರಿಯ ಉಂಡೆ ಕಡಂಬಿಟ್ಟು, ಕಾಚಂಪುಳಿ ಹುಯ್ದ ಕಪ್ಪು ಹಂದಿ ಮಾಂಸ, ಅದರ ಮೇಲೆ ಬ್ರಾಂದಿ. ಚೀಟಿಯಲ್ಲಿ ಬೇಡವೆಂದು ಬರೆದದ್ದನ್ನೆಲ್ಲ ನೋಡಿಕೊಂಡು ಅಡಿಗೆ ಮಾಡಿದ ಹಾಗಿತ್ತು. ಹೋಗದಿದ್ದರೆ ಸಾಹುಕಾರರಿಗೆ ಅವಮಾನ. ಹೋಗಿ ತಿನ್ನದಿದ್ದರೆ ಇನ್ನೂ ದೊಡ್ಡ ಅವಮಾನ. ತಿಂದರೆ ತಲಚೇರಿ.

ದಾರಿಯುದ್ದಕ್ಕೂ ಯೋಚಿಸಿ ಒಂದು ಸುಳ್ಳು ಕಟ್ಟಿಕೊಂಡು ಹೋದೆ. ಎಲೆ ಹಾಕುವಾಗ ಸಾಹುಕಾರರ ತಾಯಿಯ ಮುಂದೆ ಕೈಮುಗಿದು ನಿಂತು, "ಅಮ್ಮಾ, ಕಾವೇರಿ ಸಂಕ್ರಮಣದ ತನಕ ಹುಳಿ, ಖಾರ, ಬ್ರಾಂದಿ ಮುಟ್ಟುವುದಿಲ್ಲ ಅಂತ ಕಾವೇರಮ್ಮನಿಗೆ ಹರಕೆ ಹೊತ್ತಿದ್ದೇನೆ. ಒಂದು ಬಟ್ಟಲು ಗಂಜಿ, ಬೂದುಗುಂಬಳ ಇದ್ದರೆ ಸಾಕು" ಅಂದೆ.

ಆ ಅಮ್ಮನಿಗೆ ಎಂಬತ್ತು ದಾಟಿದೆ. ಇಡೀ ಮನೆಯೇ ಅವರಿಗೆ ಹೆದರುತ್ತದೆ. ಅವರ ಕಣ್ಣು ತುಂಬಿ ಬಂತು. ಇಪ್ಪತ್ತು ಗಂಡಸರು ಕೋವಿ ಒರಗಿಸಿಟ್ಟು ಎಲೆಯ ಮುಂದೆ ಕೂತಿದ್ದರು. ಅಮ್ಮ ಅವರ ಕಡೆ ತಿರುಗಿದರು.

"ಹರಕೆಯವನ ಎದುರು ಹುಳಿ ಖಾರ ತಿಂದರೆ ನಮಗೇ ದೋಷ. ಅವನು ಎಲೆಯಿಂದ ಏಳುವ ತನಕ ಎಲ್ಲರಿಗೂ ಗಂಜಿ, ಕುಂಬಳಕಾಯಿ. ಹಂದಿ ಆಮೇಲೆ."

ಇಪ್ಪತ್ತು ಜನ ಗಂಜಿ ಕುಡಿಯುತ್ತ ಬರಿಯ ನನ್ನನ್ನೇ ನೋಡುತ್ತಿದ್ದರು. ಬೇಗ ಮುಗಿಸೋಣ ಅಂದರೆ ಅಮ್ಮ ಪಕ್ಕದಲ್ಲೇ ನಿಂತು ಮತ್ತೆ ಮತ್ತೆ ಬಡಿಸುತ್ತಿದ್ದರು. ಅಷ್ಟರಲ್ಲಿ ನನಗೆ ಬಂತು. ಬಂದರೆ ತಡೆಯಬಾರದು ಅಂತ ಚೀಟಿಯಲ್ಲಿದೆ. ಎದ್ದೆ.

ನಾನು ಎದ್ದದ್ದೇ ತಡ, ಒಳಗಿನಿಂದ ಹಂದಿಯ ಪಾತ್ರೆ ಬಂತು. ನಾನು ಬಯಲಿಗೆ ಹೋಗಿ ಮೂರು ಹನಿಯ ಕೆಲಸ ಮುಗಿಸಿ ಕೈ ತೊಳೆದು ವಾಪಸು ಬಂದೆ. "ಕೂರಪ್ಪ, ಅರ್ಧ ಊಟಕ್ಕೆ ಬಿಡಬಾರದು" ಅಂದರು ಅಮ್ಮ. ಪಾತ್ರೆ ಒಳಗೆ ಹೋಯಿತು. ಹೀಗೆ ಮೂರು ಸಲ ನಾನು ಎದ್ದೆ, ಮೂರು ಸಲ ಪಾತ್ರೆ ಹೊರಗೆ ಬಂತು, ಮೂರು ಸಲವೂ ಒಳಗೆ ಹೋಯಿತು. ಮೂರನೆಯ ಸಲ ಬಡಿಸುವವನು ಒಂದು ತುಂಡನ್ನು ಒಬ್ಬರ ಎಲೆಗೆ ಹಾಕಿಯೂ ಬಿಟ್ಟಿದ್ದ. ಅಮ್ಮ ಅದನ್ನು ತಿರುಗಿ ತೆಗೆಸಿದರು.

ನಾನು ಬೇಕೆಂದೇ ಹಾಗೆ ಮಾಡಿದೆ ಅಂತ ಆಮೇಲೆ ಊರಲ್ಲೆಲ್ಲ ಹಬ್ಬಿತು. ದೇವರಾಣೆ ಸುಳ್ಳು. ನನ್ನ ಇಷ್ಟು ವರ್ಷದ ಕೀಟಲೆಗಳಲ್ಲಿ ಇಷ್ಟು ಒಳ್ಳೆಯದು ಬೇರೊಂದಿಲ್ಲ, ಅದು ಮಾತ್ರ ನಾನು ಮಾಡಿದ್ದಲ್ಲ.

ಹೊರಡುವಾಗ ತುಂಡು ಕಳಕೊಂಡವರು ನನ್ನನ್ನು ಅಂಗಳದ ತುದಿಯ ತನಕ ಬೀಳ್ಕೊಡಲು ಬಂದರು. ಹೆಗಲ ಮೇಲೆ ಕೋವಿ ಇತ್ತು. ಬಹಳ ಮೆತ್ತಗೆ ಹೇಳಿದರು: "ರೈಟರೇ, ನಾಳೆ ಆ ಕಡೆ ಗುಡ್ಡದಲ್ಲಿ ಹಂದಿ ಬೇಟೆ. ನೀವು ಆಗಾಗ ಪೊದೆ ಹಿಂದೆ ಹೋಗ್ತೀರಿ ಅಂತ ಕೇಳಿದೆ. ನಾಳೆ ಒಂದು ದಿನ ಹೋಗಬೇಡಿ."

೪. ಎರಡು ದಾರ

ಹನ್ನೆರಡನೆಯ ದಿನದಿಂದ ಉರಿ ಕಡಿಮೆಯಾದ ಹಾಗೆ ಕಂಡಿತು. ನಿಜವಾಗಿಯೂ ಕಡಿಮೆಯಾಯಿತೋ, ಕೊಳವೆಯ ಹೆದರಿಕೆಗೆ ನಾನೇ ಹಾಗೆ ಅಂದುಕೊಂಡೆನೋ ಗೊತ್ತಿಲ್ಲ. ಊರವರಿಗೆಲ್ಲ ಸುಳ್ಳು ಹೇಳಿ ನಂಬಿಸಿದವನು ತನ್ನನ್ನು ನಂಬಿಸದೆ ಬಿಡುತ್ತಾನೆಯೇ? ತೀರ್ಮಾನ ಬಾಟ್ಲಿಯಲ್ಲೇ ಆಗಬೇಕಿತ್ತು.

ಹೊರಡುವ ಬೆಳಗ್ಗೆ ಹೆಂಡತಿ ಎರಡು ಖಾಲಿ ಬ್ರಾಂದಿ ಬಾಟ್ಲಿ ತೊಳೆದು ಕೊಟ್ಟಳು. ಒಂದರಲ್ಲಿ ದಾರಿಗೆ ಬಾರ್ಲಿ ನೀರು. ಇನ್ನೊಂದರಲ್ಲಿ ನನ್ನ ಮೊದಲ ನೀರು. ಎರಡೂ ಒಂದೇ ಬಣ್ಣ, ಅದೇ ಮಂಕು ಹಳದಿ. ಗೊಂದಲವಾಗಬಾರದು ಅಂತ ನಾನು ನನ್ನ ಬಾಟ್ಲಿಯ ಕುತ್ತಿಗೆಗೆ ಬಿಳಿ ದಾರ ಕಟ್ಟಿ ಚೀಲದ ಹತ್ತಿರ ಇಟ್ಟೆ. ನಾನು ಅಂಗಿ ಹಾಕಿಕೊಳ್ಳುವಾಗ ಹೆಂಡತಿ, ಗೊಂದಲವಾಗಬಾರದು ಅಂತಲೇ, ಕುಡಿಯುವ ಬಾಟ್ಲಿಗೆ ಅದೇ ಉಂಡೆಯಿಂದ ದಾರ ಕಟ್ಟಿ ಎರಡನ್ನೂ ಚೀಲಕ್ಕಿಟ್ಟಳು. ಇಬ್ಬರೂ ಒಬ್ಬರಿಗೊಬ್ಬರು ಹೇಳಲಿಲ್ಲ. ಇಪ್ಪತ್ತು ವರ್ಷದ ಸಂಸಾರದಲ್ಲಿ ನಾವಿಬ್ಬರೂ ಒಂದೇ ಯೋಚನೆ ಮಾಡಿದ್ದು ಅದೊಂದು ಸಲ.

ನಮ್ಮ ಕೊಡಗು ಮೈಸೂರಿಗೆ ಸೇರದ ಸಣ್ಣ ರಾಜ್ಯ. ಬಸ್ಸು ಮಾಕುಟ್ಟದ ಘಾಟಿ ಇಳಿದರೆ ಕೊಡಗು ಮುಗಿದು ಮದರಾಸು ರಾಜ್ಯ. ಇಲ್ಲಿ ಕುಡಿಯಬಹುದು, ಅಲ್ಲಿ ಪಾನನಿರೋಧ. ಗಡಿಯ ಚೌಕಿಯಲ್ಲಿ ಬಸ್ಸು ನಿಲ್ಲಿಸಿ ಚೀಲ ಬಿಚ್ಚಿಸುತ್ತಾರೆ. ಅವತ್ತು ಹತ್ತಿದ ಕಾನ್‌ಸ್ಟೇಬಲನಿಗೆ ಕೆಟ್ಟ ನೆಗಡಿ. ಮೂಗು ಕಟ್ಟಿ, ಕಣ್ಣು ಕೆಂಪಾಗಿತ್ತು. ನನ್ನ ಚೀಲಕ್ಕೆ ಕೈ ಹಾಕಿ ಎರಡು ಬ್ರಾಂದಿ ಬಾಟ್ಲಿ ಮೇಲೆತ್ತಿದ.

"ಇದೆಂದಾ?" ಅಂದ, ಮಲೆಯಾಳದಲ್ಲಿ.

"ಮದ್ದು" ಅಂದೆ.

"ಕೊಡಗಿಂದ ಬರುವವರದ್ದೆಲ್ಲ ಮದ್ದೇ." ಈಗ ಕನ್ನಡದಲ್ಲಿ. "ಯಾಕೆ ನಡುಗ್ತೀರಿ?"

ನಡುಗದೆ ಏನು ಮಾಡಲಿ? ಎರಡು ಬಾಟ್ಲಿಗೂ ದಾರ ಇರುವುದು ನನಗೆ ಕಂಡದ್ದು ಆಗಲೇ. ಒಂದು ನಿಮಿಷ ಅನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಅವನು ಒಂದರ ಬಿರಡೆ ಕಿತ್ತು, ಕಟ್ಟಿದ ಮೂಗಿನಿಂದ ಮೂಸಿ, ಏನೂ ತಿಳಿಯದೆ, ಬಾಯಿಗೇ ಇಟ್ಟು ಒಂದು ಗುಟುಕು ಎಳೆದ.

ಬಸ್ಸಿನವರೆಲ್ಲ ಅವನನ್ನೇ ನೋಡುತ್ತಿದ್ದರು. ನಾನು ದೇವರನ್ನು ನೋಡುತ್ತಿದ್ದೆ. ಅವನು ಮೀಸೆ ಒರಸಿಕೊಂಡು, ಸ್ವಲ್ಪ ಯೋಚಿಸಿ, "ಬ್ರಾಂದಿ ಅಲ್ಲ" ಅಂತ ಬಿರಡೆ ಹಾಕಿ ಕೊಟ್ಟು ಇಳಿದುಹೋದ. ಮುಖದಲ್ಲಿ ಏನೂ ವ್ಯತ್ಯಾಸ ಇರಲಿಲ್ಲ. ಹಾಗಾದರೆ ಕುಡಿದದ್ದು ಬಾರ್ಲಿ ನೀರೇ ಅಂತ ತೀರ್ಮಾನಿಸಿದೆ. ಇನ್ನೊಬ್ಬರ ಬಾಯಿ ತಾಗಿದ ಎಂಜಲು ಅಂತ ಆ ಬಾಟ್ಲಿಯನ್ನು ಮತ್ತೆ ಮುಟ್ಟಲಿಲ್ಲ, ಒಣಗಿದ ಗಂಟಲಲ್ಲೇ ತಲಚೇರಿ ತಲುಪಿದೆ. ನನ್ನನ್ನು ಉಳಿಸಿದ್ದು ಆ ಎಂಜಲಿನ ಆಚಾರ.

ದೊಡ್ಡ ಡಾಕ್ಟರು ಮಂಗಳೂರಲ್ಲಿ ಓದಿದವರು, ಕನ್ನಡ ಚೆನ್ನಾಗಿ ಬರುತ್ತಿತ್ತು. ಇನ್ನೊಂದು ಬಾಟ್ಲಿಯನ್ನು ಅವರ ಕೈಗಿಟ್ಟೆ. ಗಾಜಿನ ನಳಿಗೆಗೆ ಸ್ವಲ್ಪ ಹುಯ್ದು ದೀಪದ ಮೇಲೆ ಹಿಡಿದರು. ಕೆಟ್ಟದ್ದಿದ್ದರೆ ಮಂಕಾಗುತ್ತದೆ, ಒಳ್ಳೆಯದಿದ್ದರೆ ತಿಳಿಯಾಗಿಯೇ ಇರುತ್ತದೆ ಅಂದರು. ಕಾದಂತೆ ಅದು ಮಂಕಾಯಿತು. ಆಮೇಲೆ ದಪ್ಪವಾಯಿತು. ಆಮೇಲೆ ನಳಿಗೆ ಬಗ್ಗಿಸಿದರೂ ಬೀಳದ ಹಾಗೆ ಗಂಜಿ ಕಟ್ಟಿತು.

ಡಾಕ್ಟರ ಮುಖ ಗಂಭೀರವಾಯಿತು. "ಇಷ್ಟು ವರ್ಷದಲ್ಲಿ ನಾನು ಹೀಗೆ ನೋಡಿಲ್ಲ" ಅಂದರು. ನರ್ಸಮ್ಮನಿಗೆ ಕಣ್ಣು ಸನ್ನೆ ಮಾಡಿದರು. ಆಕೆ ಬಿಳಿ ಬಟ್ಟೆ ಮುಚ್ಚಿದ ಉದ್ದನೆಯ ತಟ್ಟೆಯೊಂದನ್ನು ತಂದು ನನ್ನ ಪಕ್ಕ ಇಟ್ಟಳು. ಬಟ್ಟೆಯ ಕೆಳಗಿನ ಆಕಾರ ನನಗೆ ಕಾಣುತ್ತಿತ್ತು. ಕಂಪೌಂಡರ ಸುಳ್ಳು ಹೇಳಿದ್ದ, ಕೊಡೆಯಷ್ಟು ಇರಲಿಲ್ಲ. ಆದರೂ ಸಾಕಷ್ಟಿತ್ತು. ನಾನು ಮನಸ್ಸಿನಲ್ಲೇ ಹೆಂಡತಿಗೆ ವಿದಾಯ ಹೇಳಿದೆ, ಕಂಪೌಂಡರನ ಸೈಕಲ್ಲಿಗೆ ಕ್ಷಮೆ ಕೇಳಿದೆ.

ಅಷ್ಟರಲ್ಲಿ ಡಾಕ್ಟರು ನಳಿಗೆಯನ್ನು ಮೂಗಿನ ಹತ್ತಿರ ತಂದು ನಿಂತುಬಿಟ್ಟರು. ಮತ್ತೊಮ್ಮೆ ಮೂಸಿದರು. "ಇದೇನ್ರೀ, ನಿಮ್ಮ ಮೂತ್ರಕ್ಕೆ ಏಲಕ್ಕಿ ಪರಿಮಳ?"

ಸಪ್ಪೆ ಬಾರ್ಲಿ ನನಗೆ ಇಳಿಯುವುದಿಲ್ಲ ಅಂತ ಹೆಂಡತಿ ಎರಡು ಏಲಕ್ಕಿ ಜಜ್ಜಿ ಹಾಕಿದ್ದಳು. ಆದರೆ ಆ ಹೆದರಿಕೆಯಲ್ಲಿ ನನಗೆ ಅದು ಹೊಳೆಯಬೇಕಲ್ಲ? ಬಾಯಿಗೆ ಬಂದದ್ದು ಹೇಳಿದೆ.

"ನಾವು ಕೊಡಗಿನವರು ಸಾರ್. ಅಲ್ಲಿ ಏಲಕ್ಕಿ ಬೆಳೀತದೆ."

೫. ತಯಾರಿಸುವ ಕ್ರಮ

ಡಾಕ್ಟರು ನಗುವವರಲ್ಲ. ಅವರೂ ಕುರ್ಚಿಯಲ್ಲಿ ಕೂತು ನಕ್ಕು, ಇಲ್ಲೇ ಹೊಸದಾಗಿ ಕೊಡಿ ಅಂತ ಗಾಜಿನ ಪಾತ್ರೆ ಕೊಟ್ಟು ಪರದೆಯ ಹಿಂದೆ ಕಳಿಸಿದರು. ಹದಿನೈದು ದಿನ ಗಂಟೆಗೆ ನಾಲ್ಕು ಸಲ ಓಡಿದವನಿಗೆ, ಪರದೆಯ ಆಚೆ ಆ ತಟ್ಟೆ ಇದೆ ಎಂಬ ಹೆದರಿಕೆಗೆ ಒಂದು ಹನಿ ಬರಲಿಲ್ಲ. ನರ್ಸಮ್ಮ ಎರಡು ಚೊಂಬು ನೀರು ಕುಡಿಸಿದಳು. ಅರ್ಧ ಗಂಟೆಯ ಮೇಲೆ ಬಂತು. ಧಾರಾಳವಾಗಿ ಬಂತು, ಉರಿಯಿಲ್ಲದೆ ಬಂತು. ಡಾಕ್ಟರು ಕಾಯಿಸಿದರು. ನಾನು ಉಸಿರು ಬಿಡದೆ ನೋಡಿದೆ. ತೋಡಿನ ನೀರಿನಷ್ಟು ತಿಳಿ.

"ಕೊಳವೆ ಬೇಡ" ಅಂದರು. "ಪಥ್ಯವೇ ನಿಮ್ಮನ್ನು ಉಳಿಸಿದ್ದು. ಇನ್ನೂ ಒಂದು ತಿಂಗಳು ಹೀಗೇ ಇರಲಿ."

ಅವತ್ತು ಅಲ್ಲೇ ಉಳಿದು ಮರುದಿನದ ಬಸ್ಸು ಹತ್ತಿದೆ. ಕಿಟಕಿಯ ಪಕ್ಕ ಕೂತು ಮೂರು ಮೈಲಿ ಹಿಗ್ಗಿನಲ್ಲಿ ಕಳೆಯಿತು. ನಾಲ್ಕನೆಯ ಮೈಲಿಯಲ್ಲಿ ಒಂದು ವಿಷಯ ಹೊಳೆಯಿತು. ಡಾಕ್ಟರು ಕಾಯಿಸಿದ್ದು ಬಾರ್ಲಿ ನೀರಾದರೆ, ಚೌಕಿಯಲ್ಲಿ ಆ ಮನುಷ್ಯ ಕುಡಿದದ್ದು ಯಾವುದು?

ಸರ್ಕಾರದ ಪೊಲೀಸಿಗೆ, ಸಮವಸ್ತ್ರದಲ್ಲಿದ್ದಾಗ, ಐವತ್ತು ಜನರ ಎದುರು. ಇದಕ್ಕೆ ಯಾವ ಶಿಕ್ಷೆ ಅಂತ ಕಾನೂನಿನಲ್ಲಿ ಬರೆದಿರಲಿಕ್ಕಿಲ್ಲ. ಆದರೆ ನನಗಾಗಿ ಹೊಸದಾಗಿ ಬರೆಯಬಹುದು. ಬೇಕೆಂದು ಮಾಡಿದ್ದಲ್ಲ ಅಂತ ಹೇಳಿದರೆ, ನನ್ನ ಪರವಾಗಿ ಸಾಕ್ಷಿ ಹೇಳಲು ಕೊಡಗಿನಿಂದ ಒಬ್ಬನಾದರೂ ಬರುತ್ತಾನೆಯೇ?

ಚೌಕಿ ಬಂತು. ನಾನು ಟವೆಲನ್ನು ತಲೆಯಿಂದ ಗಲ್ಲದ ತನಕ ಸುತ್ತಿಕೊಂಡು ನಿದ್ದೆ ಬಂದವನ ಹಾಗೆ ಒರಗಿದೆ. ಬೂಟಿನ ಶಬ್ದ ಮೆಟ್ಟಿಲು ಹತ್ತಿತು.

"ನಿನ್ನೆ ಇದರಲ್ಲಿ ಎರಡು ಬಾಟ್ಲಿಯವರು ಹೋದರಲ್ಲ, ವಾಪಸು ಬಂದರಾ?"

ಕಂಡಕ್ಟರ್ ನನ್ನನ್ನು ತೋರಿಸಿದ. ಪಕ್ಕದಲ್ಲಿದ್ದ ಹೆಂಗಸು ಟವೆಲು ಎಳೆದು, "ಏಳಿ, ನಿಮ್ಮನ್ನೇ ಕೇಳ್ತಿದ್ದಾರೆ" ಅಂದಳು. ನಾನು ಎದ್ದು ನಿಂತು ಎರಡು ಕೈಯನ್ನೂ ಒಟ್ಟಿಗೆ ಮುಂದೆ ಚಾಚಿದೆ, ಕೋಳ ಹಾಕಲು ಸುಲಭವಾಗಲಿ ಅಂತ.

ಅವನು ನನ್ನ ಕೈಗಳನ್ನು ನೋಡಿ, ನಮಸ್ಕಾರ ಅಂದುಕೊಂಡು, ತಾನೂ ಕೈಮುಗಿದ. ಮೂಗು ತಿಳಿಯಾಗಿತ್ತು, ಕಣ್ಣು ಬಿಳಿಯಾಗಿತ್ತು.

"ಚೇಟ್ಟಾ, ಎಂಟು ದಿನದ ನೆಗಡಿ. ಏನೇನೋ ಕುಡಿದೆ, ಹೋಗಿರಲಿಲ್ಲ. ನಿನ್ನೆ ನಿಮ್ಮ ಆ ಮದ್ದು ಒಂದು ಗುಟುಕು ಕುಡಿದದ್ದಷ್ಟೇ, ಸಂಜೆಗೆ ಮೂಗು ಬಿಟ್ಟಿತು."

ನಾನು ಚಾಚಿದ ಕೈಗಳನ್ನು ಮೆಲ್ಲಗೆ ಇಳಿಸಿದೆ.

"ಸ್ವಲ್ಪ ಉಪ್ಪು ಮುಂದಾಗಿತ್ತು. ಪರವಾಗಿಲ್ಲ, ಮದ್ದಲ್ಲವಾ. ಇನ್ನು ಉಂಟಾ?"

"ಮುಗೀತು" ಅಂದೆ.

"ಹೋಗಲಿ. ಮಾಡುವ ಕ್ರಮವಾದರೂ ಹೇಳಿ." ಜೇಬಿನಿಂದ ಪುಸ್ತಕ, ಪೆನ್ಸಿಲು ತೆಗೆದ. "ನನ್ನ ಹೆಂಡತಿಗೆ ಕೊಡ್ತೇನೆ. ಏನೇನು ಹಾಕಬೇಕು?"

ಸುಳ್ಳು ಹೇಳುವ ಶಕ್ತಿ ನನ್ನಲ್ಲಿ ಉಳಿದಿರಲಿಲ್ಲ. ಬದುಕಿನಲ್ಲಿ ಮೊದಲ ಸಲ, ಕೇಳಿದ್ದಕ್ಕೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

"ಗಂಜಿ, ಬೂದುಗುಂಬಳ, ಸೌತೆ, ಬಾಳೆದಿಂಡು, ಸಪ್ಪೆ ಮಜ್ಜಿಗೆ. ಗಂಟೆಗೊಂದು ಲೋಟ ಬಾರ್ಲಿ ನೀರು. ಹುಳಿ, ಖಾರ, ಕಾಫಿ ತಾಗಿಸಬಾರದು. ಹದಿನೈದು ದಿನ ತಪ್ಪದೆ ಹಾಕ್ತಾ ಇರಬೇಕು."

ಅವನು ಒಂದೊಂದನ್ನೂ ಬರೆದುಕೊಂಡ. "ಆಮೇಲೆ? ಕುದಿಸಬೇಕಾ, ಸೋಸಬೇಕಾ?"

"ಏನೂ ಬೇಡ" ಅಂದೆ. "ಹದಿನಾರನೆಯ ದಿನ ಬೆಳಗ್ಗೆ ಅದಾಗಿಯೇ ಬರ್ತದೆ."